ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು: ಆಯ್ಕೆ, ಅರ್ಜಿ ಮತ್ತು ಖರ್ಚಿನ ಲೆಕ್ಕ

ಪ್ರಥಮ ಪಿಯುಸಿ ವಿಜ್ಞಾನ ಮುಗಿಸಿದ ಹುಡುಗಿ "ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿಗೆ ಅರ್ಜಿ ಹಾಕುತ್ತೇನೆ" ಎಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, "ಸೈನ್ಸ್ ಓದಿ ಆರ್ಟ್ಸ್‌ಗೆ ಹೋಗ್ತೀಯಾ?" ಎಂಬುದು. ಮದುವೆ ಮನೆಯ ಪಂಕ್ತಿಯಲ್ಲಿ ದೊಡ್ಡಪ್ಪ, ಸೋದರಮಾವ ಎಲ್ಲರೂ ಅದನ್ನೇ ಕೇಳುತ್ತಾರೆ. ತಪ್ಪು ಅವರದಲ್ಲ. ನಮ್ಮಲ್ಲಿ ಆರ್ಟ್ಸ್ ಎಂದರೆ ಪಿಯುಸಿಯ ಮೂರು ವಿಭಾಗಗಳಲ್ಲಿ ಒಂದು. ಅಲ್ಲಿ ಆರ್ಟ್ಸ್ ಎಂಬ ಪದಕ್ಕೆ ಬೇರೆಯೇ ಅರ್ಥವಿದೆ. ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ, ಇತಿಹಾಸ, ಸಂಗೀತ ಎಲ್ಲವೂ ಅದರೊಳಗೇ ಬರುತ್ತವೆ. ಜೀನ್ ಸಂಪಾದನೆಯ ಕೆಲಸಕ್ಕೆ 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಜೆನಿಫರ್ ಡೌಡ್ನಾ ಪದವಿ ಓದಿದ್ದು ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ. ಇಂಟೆಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ರಾಬರ್ಟ್ ನಾಯ್ಸ್ ಮತ್ತು 1989ರ ರಸಾಯನಶಾಸ್ತ್ರ ನೊಬೆಲ್ ಪಡೆದ ಥಾಮಸ್ ಚೆಕ್ ಇಬ್ಬರೂ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನವರು. 2006ರ ಭೌತಶಾಸ್ತ್ರ ನೊಬೆಲ್ ಪಡೆದ ಜಾನ್ ಮೇಥರ್ ಓದಿದ್ದು ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್‌ನಲ್ಲಿ.

ಮಕ್ಕಳನ್ನು ಪದವಿಗೇ ವಿದೇಶಕ್ಕೆ ಕಳಿಸುವ ವಿಚಾರ ನಮ್ಮ ಸಮಾಜದ ಮನೆಗಳಲ್ಲೂ ಈಗ ಬರುತ್ತಿದೆ. ದೊಡ್ಡ ವಿಶ್ವವಿದ್ಯಾಲಯಗಳ ಹೆಸರು ಎಲ್ಲರಿಗೂ ಗೊತ್ತು. ಈ ಸಣ್ಣ ಕಾಲೇಜುಗಳ ಬಗ್ಗೆ ಕನ್ನಡದಲ್ಲಿ ಮಾಹಿತಿ ಕಡಿಮೆ. ಇರುವ ಮಾಹಿತಿಯೂ ಹೆಚ್ಚಾಗಿ ಏಜೆಂಟರ ಬಾಯಿಂದ ಬಂದದ್ದು. ಆದ್ದರಿಂದ ಈ ಲೇಖನ.

ಇವು ಎಂಥ ಕಾಲೇಜುಗಳು

ಹೆಚ್ಚಿನವುಗಳಲ್ಲಿ ಒಟ್ಟು ವಿದ್ಯಾರ್ಥಿಗಳೇ 1,500ರಿಂದ 2,500. ನಮ್ಮ ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜಿನಷ್ಟು ದೊಡ್ಡದು ಎನ್ನಬಹುದು. ನಾಲ್ಕು ವರ್ಷದ ಪದವಿಯೇ ಇಲ್ಲಿಯ ಮುಖ್ಯ ಕೆಲಸ; ಪಿಎಚ್‌ಡಿ ವಿದ್ಯಾರ್ಥಿಗಳು ಇಲ್ಲ ಅಥವಾ ತೀರಾ ಕಡಿಮೆ. ಇದರ ಪರಿಣಾಮ ದೊಡ್ಡದು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಪಾಠವನ್ನು ಮುನ್ನೂರು ಜನರ ಹಾಲ್‌ನಲ್ಲಿ ಕೇಳಿ, ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯ ಕೈಕೆಳಗೆ ಕಲಿಯಬೇಕಾಗುತ್ತದೆ. ಇಲ್ಲಿ ಪ್ರಾಧ್ಯಾಪಕರೇ ಪಾಠ ಮಾಡುತ್ತಾರೆ, ಅವರೇ ಉತ್ತರಪತ್ರಿಕೆ ನೋಡುತ್ತಾರೆ, ಬೇಸಿಗೆಯಲ್ಲಿ ತಮ್ಮ ಸಂಶೋಧನೆಗೆ ಎರಡನೇ ವರ್ಷದ ಹುಡುಗರನ್ನೇ ಸೇರಿಸಿಕೊಳ್ಳುತ್ತಾರೆ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಟ್ಯುಟೋರಿಯಲ್ ತರಗತಿಯಲ್ಲಿ ಇಬ್ಬರೇ ವಿದ್ಯಾರ್ಥಿಗಳು: ಒಂದು ವಾರ ಒಬ್ಬ ಬರೆದದ್ದನ್ನು ಇನ್ನೊಬ್ಬ ಪರೀಕ್ಷಿಸುತ್ತಾನೆ, ಮುಂದಿನ ವಾರ ಅದಲುಬದಲು. ಓದದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವ ಅವಕಾಶವೇ ಇಲ್ಲ.

ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯ ಹೊತ್ತಿಗೆ ಆರಿಸಿಕೊಂಡರೆ ಸಾಕು. ಆಮ್‌ಹರ್ಸ್ಟ್ ಮತ್ತು ಗ್ರಿನೆಲ್‌ನಲ್ಲಂತೂ ಮೊದಲ ವರ್ಷದ ಒಂದು ತರಗತಿ ಬಿಟ್ಟರೆ ಎಲ್ಲರೂ ಓದಲೇಬೇಕಾದ ವಿಷಯವೇ ಇಲ್ಲ.

ಯಾರಿಗೆ ಇದು ಬೇಡ

ಡಾಕ್ಟರ್ ಆಗಲೇಬೇಕೆಂದು ನಿಶ್ಚಯಿಸಿದವರಿಗೆ ಇದು ಸರಿಯಾದ ದಾರಿಯಲ್ಲ. ಅಮೆರಿಕದಲ್ಲಿ ವೈದ್ಯಕೀಯ ಓದು ಪದವಿಯ ನಂತರ ಶುರುವಾಗುತ್ತದೆ, ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ವೈದ್ಯಕೀಯ ಕಾಲೇಜುಗಳು ಕೆಲವೇ, ಅಲ್ಲಿಯ ಖರ್ಚೂ ಬೇರೆ. ಅಂಥವರು ನೀಟ್ ಬರೆಯುವುದೇ ಸರಿ.

ಎಂಜಿನಿಯರಿಂಗ್ ಆಸೆಯಿದ್ದರೆ ವಿಚಾರಿಸಿ ಮುಂದುವರಿಯಬೇಕು. ಸ್ವಾರ್ತ್‌ಮೋರ್, ಹಾರ್ವೀ ಮಡ್, ಮಹಿಳಾ ಕಾಲೇಜಾದ ಸ್ಮಿತ್, ಲಾಫಯೆಟ್ ಮುಂತಾದವುಗಳಲ್ಲಿ ಎಂಜಿನಿಯರಿಂಗ್ ಅಲ್ಲೇ ಇದೆ. ಇನ್ನು ಕೆಲವು ಕಾಲೇಜುಗಳು ಮೂರು ವರ್ಷ ತಮ್ಮಲ್ಲಿ, ಎರಡು ವರ್ಷ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿ ಎರಡು ಪದವಿ ಪಡೆಯುವ ವ್ಯವಸ್ಥೆ ಇದೆ ಎನ್ನುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಮೊದಲ ಕಾಲೇಜು ಕೊಟ್ಟ ಧನಸಹಾಯ ಎರಡನೆಯದಕ್ಕೆ ತಾನಾಗಿ ಮುಂದುವರಿಯುವುದಿಲ್ಲ. ಆ ಎರಡು ವರ್ಷದ ಹಣ ಎಲ್ಲಿಂದ ಎಂಬುದಕ್ಕೆ ಬರಹದಲ್ಲಿ ಉತ್ತರ ಸಿಗದಿದ್ದರೆ ಆ ವ್ಯವಸ್ಥೆ ಇಲ್ಲವೆಂದೇ ತಿಳಿಯಿರಿ.

ಗಣಿತದಲ್ಲೋ ಕಂಪ್ಯೂಟರ್‌ನಲ್ಲೋ ಈಗಾಗಲೇ ಬಹಳ ಮುಂದಿರುವ ಮಕ್ಕಳಿಗೆ ಸಣ್ಣ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಓದಲು ಹೊಸ ತರಗತಿಗಳೇ ಸಾಲದಿರಬಹುದು. ಇದಕ್ಕೆ ಕೆಲವು ಕಡೆ ಅಕ್ಕಪಕ್ಕದ ಕಾಲೇಜುಗಳು ತರಗತಿಗಳನ್ನು ಹಂಚಿಕೊಳ್ಳುತ್ತವೆ. ಪೊಮೋನಾ, ಹಾರ್ವೀ ಮಡ್ ಸೇರಿದಂತೆ ಕ್ಲೇರ್‌ಮಾಂಟ್‌ನ ಐದು ಪದವಿ ಕಾಲೇಜುಗಳು ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ. ಸ್ವಾರ್ತ್‌ಮೋರ್, ಹ್ಯಾವರ್‌ಫರ್ಡ್, ಬ್ರಿನ್ ಮಾರ್ ವಿದ್ಯಾರ್ಥಿಗಳು ಫಿಲಡೆಲ್ಫಿಯಾದ ಪೆನ್ ವಿಶ್ವವಿದ್ಯಾಲಯದಲ್ಲೂ ತರಗತಿ ತೆಗೆದುಕೊಳ್ಳಬಹುದು. ಪಟ್ಟಿ ಮಾಡುವಾಗ ಇದನ್ನು ನೋಡಿ.

ಇನ್ನೊಂದು ಮಾತು. ಈ ಕಾಲೇಜುಗಳ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹೆಸರಿನ ಗೌರವ ಬೇಕೆನ್ನುವ ಮನೆಯವರು ಮೊದಲೇ ಯೋಚಿಸುವುದು ಒಳ್ಳೆಯದು. ನಾಲ್ಕು ವರ್ಷ ಪ್ರತಿ ಸಮಾರಂಭದಲ್ಲೂ ವಿವರಣೆ ಕೊಡಬೇಕಾಗುತ್ತದೆ.

ಹಣದ ಲೆಕ್ಕ

ರ‍್ಯಾಂಕಿಂಗ್ ನೋಡುವ ಮೊದಲು ಇದನ್ನು ನೋಡಬೇಕು. ಹೆಸರಾಂತ ಸಣ್ಣ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಸೇರಿ ವರ್ಷದ ಖರ್ಚು ಸುಮಾರು 90,000 ಡಾಲರ್. ರೂಪಾಯಿಯಲ್ಲಿ 75 ಲಕ್ಷ ದಾಟುತ್ತದೆ. ನಾಲ್ಕು ವರ್ಷಕ್ಕೆ ಮೂರು ಕೋಟಿ. ಈ ಅಂಕಿ ನೋಡಿಯೇ ಹೆಚ್ಚಿನ ಪೋಷಕರು ಕೈಬಿಡುತ್ತಾರೆ. ಆದರೆ ಆಸ್ತಿ ಚೆನ್ನಾಗಿರುವ ಕಾಲೇಜುಗಳು ಪೂರ್ಣ ಶುಲ್ಕವನ್ನು ಎಲ್ಲರಿಂದಲೂ ವಸೂಲು ಮಾಡುವುದಿಲ್ಲ. ಕುಟುಂಬದ ಆದಾಯ, ಆಸ್ತಿ ನೋಡಿ "ನೀವು ಇಷ್ಟು ಕೊಡಬಲ್ಲಿರಿ" ಎಂದು ಲೆಕ್ಕ ಹಾಕುತ್ತವೆ. ಉಳಿದದ್ದನ್ನು ತಾವು ಭರಿಸುತ್ತವೆ. ಇದರಲ್ಲಿ ಬಹುಪಾಲು ಮರಳಿ ಕೊಡಬೇಕಿಲ್ಲದ ಅನುದಾನ, ಸ್ವಲ್ಪ ಕ್ಯಾಂಪಸ್ಸಿನ ಕೆಲಸದ ಸಂಬಳ, ಕೆಲವು ಕಡೆ ಸಣ್ಣ ಸಾಲ. ವಿಲಿಯಮ್ಸ್, ಆಮ್‌ಹರ್ಸ್ಟ್, ಸ್ವಾರ್ತ್‌ಮೋರ್, ಪೊಮೋನಾ, ಬೋಡಿನ್, ಮಕಾಲೆಸ್ಟರ್ ಮುಂತಾದವು ತಾವು ಸೇರಿಸಿಕೊಂಡ ವಿದೇಶಿ ವಿದ್ಯಾರ್ಥಿಗೂ ಹೀಗೆ ಪೂರ್ಣ ಕೊರತೆಯನ್ನು ತುಂಬುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ, ಏಜೆಂಟರು ಹೇಳುವುದಿಲ್ಲ. ಸೇರಿಸಿಕೊಂಡ ಮೇಲೆ ಪೂರ್ತಿ ಸಹಾಯ ಕೊಡುವುದು ಒಂದು ವಿಷಯ. ಸೇರಿಸಿಕೊಳ್ಳುವಾಗ ಸಹಾಯದ ಕೋರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇನ್ನೊಂದು. ಆಮ್‌ಹರ್ಸ್ಟ್, ಬೋಡಿನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿಯ ಹಣದ ಸ್ಥಿತಿ ನೋಡದೆ ಪ್ರವೇಶ ನಿರ್ಧರಿಸುತ್ತವೆ. ಉಳಿದ ಕಡೆ ವರ್ಷಕ್ಕೆ ಆರು ಲಕ್ಷ ಕೊಡಬಲ್ಲ ಮನೆಯ ಹುಡುಗನಿಗಿಂತ ಮೂವತ್ತು ಲಕ್ಷ ಕೊಡಬಲ್ಲ ಮನೆಯ ಹುಡುಗನಿಗೆ ಬಾಗಿಲು ಸ್ವಲ್ಪ ಅಗಲ. ಕಹಿಯಾದರೂ ಸತ್ಯ. ಹಾಗೆಂದು ಕೊಡಲಾಗದ ಮೊತ್ತವನ್ನು ಕೊಡುತ್ತೇವೆ ಎಂದು ಬರೆಯಬೇಡಿ. ಹಲವು ಕಾಲೇಜುಗಳಲ್ಲಿ ಪ್ರವೇಶದ ಹೊತ್ತಿನಲ್ಲಿ ಸಹಾಯ ಕೇಳದ ವಿದೇಶಿ ವಿದ್ಯಾರ್ಥಿ ಮುಂದಿನ ನಾಲ್ಕು ವರ್ಷದಲ್ಲಿ ಎಂದೂ ಕೇಳುವಂತಿಲ್ಲ. "ಮೊದಲು ಸೇರಿಕೊಳ್ಳಲಿ, ಎರಡನೇ ವರ್ಷ ನೋಡೋಣ" ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಆರ್ಥಿಕ ವಿವರವನ್ನು ಹೆಚ್ಚಾಗಿ ಸಿಎಸ್‌ಎಸ್ ಪ್ರೊಫೈಲ್ ಎಂಬ ಆನ್‌ಲೈನ್ ಅರ್ಜಿಯಲ್ಲಿ ಕೊಡಬೇಕು. ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿ ಕಾಲೇಜಿಗೆ 16 ಡಾಲರ್ ಶುಲ್ಕ. ರೂಪಾಯಿಯಲ್ಲೇ ತುಂಬಬಹುದು. ಸಂಬಳದವರಿಗೆ ಇದು ಸುಲಭ: ಫಾರಂ 16, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ವಿವರ ಇದ್ದರಾಯಿತು. ತೋಟ, ಗದ್ದೆ, ಅಂಗಡಿ ಇರುವ ಮನೆಗಳಿಗೆ ಕಷ್ಟ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್‌ನಲ್ಲಿ ಆದಾಯ ಬಹಳ ಕಡಿಮೆ ಕಾಣುತ್ತದೆ, ಅದೇ ಹೊತ್ತಿಗೆ ಪಹಣಿಯಲ್ಲಿ ಎಂಟು ಎಕರೆ ಅಡಿಕೆ ತೋಟ ಕಾಣುತ್ತದೆ. ಅಮೆರಿಕದ ಧನಸಹಾಯ ಕಚೇರಿಯವರಿಗೆ ಇವೆರಡೂ ಹೊಂದುವುದಿಲ್ಲ. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಮಂಡಿಯ ಮೂರು ವರ್ಷದ ಮಾರಾಟ ಚೀಟಿಗಳು, ಬೆಳೆ ಸಾಲದ ವಿವರ ಇವನ್ನು ಜೋಡಿಸಿ, ಒಂದು ಪುಟದ ವಿವರಣೆ ಬರೆಯಿರಿ: ಜಮೀನು ಅಜ್ಜನ ಹೆಸರಿನಲ್ಲಿದೆ, ಮೂವರು ಅಣ್ಣತಮ್ಮಂದಿರಿಗೆ ಇನ್ನೂ ಪಾಲಾಗಿಲ್ಲ, ನಮ್ಮ ಪಾಲಿಗೆ ಬರುವ ಆದಾಯ ಇಷ್ಟು, ಕೊಳೆರೋಗ ಬಂದ ವರ್ಷ ಇಷ್ಟು. ಅವಿಭಕ್ತ ಕುಟುಂಬ ಎಂದರೇನು ಎಂದು ಅವರಿಗೆ ತಿಳಿದಿರುವುದಿಲ್ಲ. ಬಿಡಿಸಿ ಹೇಳಿದರೆ ಕೇಳುತ್ತಾರೆ. ಅರ್ಜಿಗಳ ಸಹಾಯಕ್ಕೆ ಕೂತಾಗ ನಮಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಈ ಒಂದು ಪುಟವೇ.

ಇನ್ನು ಸ್ಕಾಲರ್‌ಶಿಪ್ ಪತ್ರಗಳು. ಹೆಸರು ಕೇಳದ ಕಾಲೇಜೊಂದರಿಂದ "ಅಭಿನಂದನೆ, ನಿಮಗೆ ವರ್ಷಕ್ಕೆ 30,000 ಡಾಲರ್ ಸ್ಕಾಲರ್‌ಶಿಪ್" ಎಂದು ಪತ್ರ ಬಂದರೆ ಮನೆಯಲ್ಲಿ ಸಿಹಿ ಹಂಚುವ ಮೊದಲು ಒಂದು ಕಳೆಯುವ ಲೆಕ್ಕ ಮಾಡಿ. ಅಲ್ಲಿಯ ವಾರ್ಷಿಕ ಖರ್ಚು 62,000 ಇದ್ದರೆ ನಿಮ್ಮ ಪಾಲು 32,000. ನಾಲ್ಕು ವರ್ಷಕ್ಕೆ 1,28,000 ಡಾಲರ್, ಅಂದರೆ ಒಂದು ಕೋಟಿಗೂ ಮೇಲೆ. ಶುಲ್ಕ ಪ್ರತಿ ವರ್ಷ ಏರುವುದು ಬೇರೆ. ಅದು ನಿಜದಲ್ಲಿ ಸ್ಕಾಲರ್‌ಶಿಪ್ ಅಲ್ಲ, ರಿಯಾಯಿತಿ. ಪತ್ರದ ಮೇಲಿನ ಅಂಕಿಗಿಂತ ಕಳೆದು ಉಳಿದ ಅಂಕಿಯೇ ನಿಮ್ಮದು.

ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿರುವ, ದತ್ತಿನಿಧಿ ಕಡಿಮೆಯಿರುವ ಸಣ್ಣ ಕಾಲೇಜುಗಳಿಗೆ ಇನ್ನೊಂದು ಅಪಾಯವಿದೆ, ಮುಚ್ಚಿಹೋಗುವುದು. ನ್ಯೂಯಾರ್ಕ್ ರಾಜ್ಯದಲ್ಲಿ 1868ರಿಂದ ನಡೆದಿದ್ದ ವೆಲ್ಸ್ ಕಾಲೇಜು 2024ರ ಏಪ್ರಿಲ್ ಕೊನೆಯಲ್ಲಿ ಮುಚ್ಚುವ ಸುದ್ದಿ ಹೇಳಿ, ಆ ಸೆಮಿಸ್ಟರ್ ಮುಗಿಯುತ್ತಲೇ ಬಾಗಿಲು ಹಾಕಿತು. ಅದೇ ವರ್ಷ ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜೂ ಮುಚ್ಚಿತು. ಎಫ್-1 ವೀಸಾದ ಮೇಲಿರುವ ವಿದ್ಯಾರ್ಥಿಗೆ ಇದು ದೊಡ್ಡ ಪೆಟ್ಟು: ಬೇರೆ ಕಾಲೇಜು ಹುಡುಕಬೇಕು, ವೀಸಾ ದಾಖಲೆ ಅಲ್ಲಿಗೆ ವರ್ಗವಾಗಬೇಕು, ಧನಸಹಾಯ ಹೊಸದಾಗಿ ಕೇಳಬೇಕು. ಕಾಲೇಜಿನ ದತ್ತಿನಿಧಿ ಎಷ್ಟು, ಐದು ವರ್ಷದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಏರಿದೆಯೇ ಇಳಿದಿದೆಯೇ ಎಂಬುದು ಸಾರ್ವಜನಿಕ ಮಾಹಿತಿ. ಕಾಲೇಜಿನ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಎಂದು ಹುಡುಕಿದರೆ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿನ ಕಡೆ ಸಿಗುತ್ತದೆ. ಎಷ್ಟು ವಿದೇಶಿ ವಿದ್ಯಾರ್ಥಿಗಳಿಗೆ ಸರಾಸರಿ ಎಷ್ಟು ಸಹಾಯ ಕೊಟ್ಟರು ಎಂಬುದನ್ನೂ ಅದರಲ್ಲಿ ಕೇಳಿರುತ್ತಾರೆ. ಏಜೆಂಟರ ಹತ್ತು ಫೋನ್ ಕರೆಗಿಂತ ಅದೊಂದು ಪುಟ ಮೇಲು.

ಸರ್ಕಾರದ ನೆರವಿನ ಬಗ್ಗೆ ಹಲವರು ಕೇಳುತ್ತಾರೆ. 2014ರ ಜನವರಿಯಲ್ಲಿ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿತರಾದ ಮೇಲೆ ಕೇಂದ್ರದ ಪಢೋ ಪರದೇಶ್ ಬಡ್ಡಿ ಸಹಾಯಧನ ನಮಗೂ ಅನ್ವಯಿಸುತ್ತಿತ್ತು. ಆದರೆ ಅದು ಸ್ನಾತಕೋತ್ತರ ಮತ್ತು ಸಂಶೋಧನಾ ಓದಿಗೆ ಮಾತ್ರ, ಪದವಿಗೆ ಅಲ್ಲ. ಈಗ ಆ ಯೋಜನೆಯೂ ನಿಂತಿದೆ. ಪದವಿ ಓದಿಗೆ ನಂಬಬೇಕಾದದ್ದು ಕಾಲೇಜಿನ ಸ್ವಂತ ಸಹಾಯವನ್ನೇ.

ಅರ್ಜಿ

ಬಹುತೇಕ ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. 20 ಕಾಲೇಜುಗಳವರೆಗೆ ಕಳಿಸಬಹುದು. ಎಂಟು ಹತ್ತು ಸಾಕು. ನವೆಂಬರ್ ಮೊದಲಾರ್ಧದಲ್ಲಿ ಮುಗಿಯುವ "ಅರ್ಲಿ ಡಿಸಿಷನ್" ಸುತ್ತು ಒಂದೇ ಕಾಲೇಜಿಗೆ, ಅದೂ ಸೀಟು ಸಿಕ್ಕರೆ ಸೇರುತ್ತೇನೆಂಬ ವಚನದೊಂದಿಗೆ. ಸಾಮಾನ್ಯ ಸುತ್ತಿಗೆ ಜನವರಿ ಮೊದಲ ವಾರಗಳು. ಅರ್ಲಿ ಡಿಸಿಷನ್‌ನಲ್ಲಿ ಸಿಕ್ಕ ಸಹಾಯ ನಿಜಕ್ಕೂ ಸಾಲದಿದ್ದರೆ ವಚನದಿಂದ ಬಿಡುಗಡೆ ಕೇಳಬಹುದು. ಆದರೆ ಬೇರೆ ಕಾಲೇಜಿನ ಕೊಡುಗೆಯೊಂದಿಗೆ ಹೋಲಿಸಿ ನೋಡುವ ಅವಕಾಶ ಹೋಗುತ್ತದೆ.

ನಮ್ಮ ಪಿಯು ಮಕ್ಕಳಿಗೆ ಇಲ್ಲಿ ಮೂರು ಅಡ್ಡಿಗಳು. ಮೊದಲನೆಯದು ಅಂಕಪಟ್ಟಿ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ನಾಲ್ಕೂ ವರ್ಷದ ಅಂಕ ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಒಂದು ಶಾಲೆಯಲ್ಲಿ, ಪಿಯುಸಿ ಇನ್ನೊಂದು ಕಾಲೇಜಿನಲ್ಲಿ ಆಗಿರುವುದರಿಂದ ಒಂಬತ್ತನೇ ತರಗತಿಯ ಅಂಕಪಟ್ಟಿಗೆ ಹಳೆಯ ಪ್ರೌಢಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿ, ಮೊಹರು ಪಡೆಯಬೇಕು. ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಎರಡನೆಯದು ಶಿಫಾರಸು ಪತ್ರ. ಇಬ್ಬರು ಉಪನ್ಯಾಸಕರು, ಜೊತೆಗೆ ಕೌನ್ಸಿಲರ್ ಬರೆಯಬೇಕು. ಕೌನ್ಸಿಲರ್ ಇಲ್ಲದ ಪಿಯು ಕಾಲೇಜಿನಲ್ಲಿ ಪ್ರಾಂಶುಪಾಲರು ಅಥವಾ ಉಪಪ್ರಾಂಶುಪಾಲರು ಆ ಭಾಗ ತುಂಬಬಹುದು. ಎಂಬತ್ತು ಮಕ್ಕಳ ತರಗತಿಗೆ ಪಾಠ ಮಾಡುವ ಉಪನ್ಯಾಸಕರು "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎನ್ನುವುದು ಸಾಮಾನ್ಯ. ಒಪ್ಪಬೇಡಿ. ಅದು ಪ್ರಾಮಾಣಿಕವೂ ಅಲ್ಲ, ಪ್ರಯೋಜನವೂ ಇಲ್ಲ. ವಿದ್ಯಾರ್ಥಿಯೇ ಬರೆದ ಹೊಗಳಿಕೆ ಓದಿದ ಕೂಡಲೇ ಗೊತ್ತಾಗುತ್ತದೆ. ಬದಲಿಗೆ ತರಗತಿಯಲ್ಲಿ ನಡೆದ ಎರಡು ಮೂರು ಘಟನೆಗಳನ್ನು ಅವರಿಗೆ ನೆನಪಿಸಿ, ಬರೆಯಲು ಒಂದು ತಿಂಗಳು ಕೊಡಿ. ಪತ್ರವನ್ನು ಅವರೇ ಆನ್‌ಲೈನ್‌ನಲ್ಲಿ ಹಾಕಬೇಕು. ಲಕೋಟೆಯಲ್ಲಿ ಕೈಗೆ ಕೊಡುವ ಪದ್ಧತಿ ಇಲ್ಲಿಲ್ಲ.

ಮೂರನೆಯದು ಸಮಯ. ಆಗಸ್ಟ್‌ನಿಂದ ಜನವರಿಯವರೆಗೆ ಪ್ರಬಂಧ ಬರೆಯಬೇಕಾದ ತಿಂಗಳುಗಳೇ ಸಿಇಟಿ, ಜೆಇಇ ಕೋಚಿಂಗ್‌ನ ಜೋರಿನ ತಿಂಗಳುಗಳು. ಎರಡನ್ನೂ ಪೂರ್ಣವಾಗಿ ಮಾಡುವ ಮಗು ಅಪರೂಪ. ಸಿಇಟಿಯನ್ನು ಆಸರೆಯಾಗಿ ಇಟ್ಟುಕೊಂಡು, ಜೆಇಇ ಕೋಚಿಂಗ್ ಬಿಡುವುದು ನಮ್ಮ ಸಲಹೆ.

ಮುಖ್ಯ ಪ್ರಬಂಧ 650 ಪದಗಳೊಳಗೆ. ಜೈನ ಮಕ್ಕಳ ಕೈಯಿಂದ ಮೊದಲ ಕರಡಿನಲ್ಲಿ ಬರುವುದು ಸಾಮಾನ್ಯವಾಗಿ ಅಹಿಂಸೆಯ ಬಗ್ಗೆ ಒಂದು ಉಪನ್ಯಾಸ. ಅದನ್ನು ಯಾರು ಬೇಕಾದರೂ ಬರೆಯಬಹುದು. ಹಾಸ್ಟೆಲಿನಲ್ಲಿ ಸೂರ್ಯಾಸ್ತದ ಮೊದಲು ಊಟ ಕೇಳಿದಾಗ ಮೆಸ್ ಭಟ್ಟರೊಂದಿಗೆ ನಡೆದ ಮಾತುಕತೆಯನ್ನು ಆ ಹುಡುಗ ಮಾತ್ರ ಬರೆಯಬಲ್ಲ. ಚಟುವಟಿಕೆಗಳಿಗೆ ಹತ್ತು ಸಾಲು ಇದೆ. ಒಲಿಂಪಿಯಾಡ್ ಪದಕಗಳೇ ಬೇಕೆಂದಿಲ್ಲ. ಸಂಜೆ ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ, ಬಸದಿಯ ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವುದು ಇವೆಲ್ಲ ಅಲ್ಲಿ ಬರೆಯಬೇಕಾದ ಸಂಗತಿಗಳೇ. ಮಾಡದ್ದನ್ನು ಬರೆಯಬಾರದು, ಅಷ್ಟೇ.

ಇಂಗ್ಲಿಷ್ ಪರೀಕ್ಷೆ, ಅಂದರೆ ಟೋಫೆಲ್, ಐಇಎಲ್‌ಟಿಎಸ್ ಅಥವಾ ಡ್ಯುಯೊಲಿಂಗೊ, ಹೆಚ್ಚಿನ ಕಡೆ ಬೇಕು. ಸ್ಯಾಟ್ ಹಲವು ಕಡೆ ಐಚ್ಛಿಕ. ಬೋಡಿನ್ ಅದನ್ನು ಐಚ್ಛಿಕ ಮಾಡಿದ್ದು 1969ರಲ್ಲೇ. ಸಂದೇಹಗಳಿಗೆ ಏಜೆಂಟರಿಗಿಂತ ಮೊದಲು ಅಮೆರಿಕ ಸರ್ಕಾರದ ಸಲಹಾ ಜಾಲವಾದ ಎಜುಕೇಶನ್‌ಯುಎಸ್‌ಎ ಕೇಂದ್ರವನ್ನು ಕೇಳಿ. ಕಾಲೇಜಿನಿಂದ ಕಮಿಷನ್ ಪಡೆಯುವ ಏಜೆಂಟ್ ತನಗೆ ಕಮಿಷನ್ ಕೊಡದ ಕಾಲೇಜಿನ ಹೆಸರು ಹೇಳುವುದು ಕಷ್ಟ.

ಊಟ ಮತ್ತು ವಾಸ

ಸಣ್ಣ ಕಾಲೇಜುಗಳಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲೇ ವಾಸಿಸುತ್ತಾರೆ, ಹಲವು ಕಡೆ ಇದು ಕಡ್ಡಾಯ, ಜೊತೆಗೆ ಊಟದ ಶುಲ್ಕವೂ ಕಡ್ಡಾಯ. ಆದ್ದರಿಂದ ಹೊರಗೆ ಮನೆ ಮಾಡಿ ಅಡುಗೆ ಮಾಡಿಕೊಳ್ಳುತ್ತೇನೆ ಎಂಬುದು ಇಲ್ಲಿ ಅಷ್ಟು ಸುಲಭವಲ್ಲ. ಸಸ್ಯಾಹಾರ, ಮೊಟ್ಟೆ ಹಾಲು ಇಲ್ಲದ ವೀಗನ್ ಊಟ ಎಲ್ಲೆಡೆ ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇಲ್ಲದ್ದು ಕೇಳಿದರೆ ಮಾತ್ರ. ಕೇಳಬೇಕಾದ್ದು ಪ್ರವೇಶ ಕಚೇರಿಯನ್ನಲ್ಲ, ಊಟದ ವಿಭಾಗದವರನ್ನು. ಸೀಟು ಒಪ್ಪಿಕೊಳ್ಳುವ ಮೊದಲೇ ಕೇಳಬೇಕು. ಸಣ್ಣ ಕಾಲೇಜಿನ ಅನುಕೂಲ ಇಲ್ಲಿ ಕಾಣುತ್ತದೆ: ಅಡುಗೆಯವರಿಗೆ ವಿದ್ಯಾರ್ಥಿಯ ಮುಖ ಗೊತ್ತಿರುತ್ತದೆ. ವಸತಿಗೃಹದಲ್ಲಿ ಸಾಮೂಹಿಕ ಅಡುಗೆಮನೆ ಇದೆಯೇ, ರಜೆಯಲ್ಲಿ ಊಟದ ಹಾಲ್ ಮುಚ್ಚಿದಾಗ ಏನು ಎಂದೂ ವಿಚಾರಿಸಿ.

ರಾತ್ರಿ ಭೋಜನ ತ್ಯಾಗ ಪಾಲಿಸುವವರು ಒಂದು ವಿಷಯ ತಿಳಿದಿರಬೇಕು. ಬೋಡಿನ್ ಇರುವ ಮೇನ್ ರಾಜ್ಯದಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಆ ಹೊತ್ತಿಗೆ ರಾತ್ರಿಯ ಊಟ ಇನ್ನೂ ಶುರುವಾಗಿರುವುದಿಲ್ಲ. ಮಧ್ಯಾಹ್ನವೇ ಡಬ್ಬಿ ಕಟ್ಟಿಕೊಳ್ಳಬೇಕು, ಅದಕ್ಕೆ ಅಲ್ಲಿ ಅನುಮತಿ ಬೇಕು. ದಶಲಕ್ಷಣ ಪರ್ವ ಬರುವುದು ಹೆಚ್ಚಾಗಿ ಸೆಮಿಸ್ಟರಿನ ಮೊದಲ ವಾರಗಳಲ್ಲೇ. ಪ್ರಾಧ್ಯಾಪಕರಿಗೆ ಮೊದಲ ತರಗತಿಯಲ್ಲೇ ತಿಳಿಸಿದರೆ ಪರೀಕ್ಷೆ, ಪ್ರಯೋಗಗಳನ್ನು ಹೊಂದಿಸಿಕೊಡುತ್ತಾರೆ.

ಜಿನಮಂದಿರ ಹತ್ತಿರವಿರಬೇಕು ಎನ್ನುವವರಿಗೆ ಊರಿನ ಆಯ್ಕೆಯೇ ಮುಖ್ಯ. ಪೊಮೋನಾದಿಂದ ಬ್ಯೂನಾ ಪಾರ್ಕ್‌ನ ಜೈನ ಕೇಂದ್ರ ಸಂಚಾರ ಹಗುರವಿದ್ದರೆ ಗಂಟೆಯೊಳಗಿನ ದಾರಿ. ಬಾಸ್ಟನ್ ಪಕ್ಕದ ವೆಲ್ಸ್‌ಲಿ ಮಹಿಳಾ ಕಾಲೇಜಿಗೆ ನಾರ್‌ವುಡ್‌ನ ಕೇಂದ್ರ ಹತ್ತಿರ. ಅಯೋವಾದ ಜೋಳದ ಹೊಲಗಳ ನಡುವೆ, ಸುಮಾರು ಒಂಬತ್ತು ಸಾವಿರ ಜನರ ಪಟ್ಟಣದಲ್ಲಿರುವ ಗ್ರಿನೆಲ್‌ನಿಂದ ವಾರಾಂತ್ಯಕ್ಕೆ ಎಲ್ಲಿಗಾದರೂ ಹೋಗಿಬರುವುದೇ ಒಂದು ಪ್ರಯಾಣ. ಕೆಲವು ಮಕ್ಕಳಿಗೆ ಆ ನಿಶ್ಶಬ್ದ ಒಗ್ಗುತ್ತದೆ, ಕೆಲವರಿಗೆ ಮೊದಲ ಚಳಿಗಾಲದಲ್ಲೇ ಕಷ್ಟವಾಗುತ್ತದೆ. ಮಗುವಿನ ಸ್ವಭಾವ ತಂದೆತಾಯಿಗೆ ಗೊತ್ತಿರುತ್ತದೆ.

ಪದವಿಯ ನಂತರ

ಎಫ್-1 ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಪದವಿಯ ನಂತರ 12 ತಿಂಗಳು ಉದ್ಯೋಗ ತರಬೇತಿಯ ಅವಕಾಶ. ವಿಜ್ಞಾನ, ತಂತ್ರಜ್ಞಾನ, ಗಣಿತದ ವಿಷಯಗಳಿಗೆ ಇನ್ನೂ 24 ತಿಂಗಳು. ಅರ್ಥಶಾಸ್ತ್ರವನ್ನು ಕೆಲವು ಕಾಲೇಜುಗಳು ಗಣಿತಾಧಾರಿತ ಅರ್ಥಶಾಸ್ತ್ರವೆಂದು ದಾಖಲಿಸಿ ಈ ಹೆಚ್ಚುವರಿ ಅವಧಿಗೆ ಅರ್ಹ ಮಾಡಿವೆ, ಕೆಲವು ಮಾಡಿಲ್ಲ. ಒಂದೇ ಪದವಿ, ಎರಡು ವರ್ಷದ ವ್ಯತ್ಯಾಸ. ಸೇರುವ ಮೊದಲೇ ಕೇಳಿ ತಿಳಿಯಬೇಕಾದ ವಿಷಯವಿದು. ವೀಸಾ ನಿಯಮಗಳು ಇತ್ತೀಚೆಗೆ ಪದೇ ಪದೇ ಬದಲಾಗುತ್ತಿರುವುದರಿಂದ ಅಲ್ಲೇ ನೌಕರಿ ಹಿಡಿದು ಸಾಲ ತೀರಿಸುವ ಲೆಕ್ಕದ ಮೇಲೆ ದೊಡ್ಡ ಸಾಲ ಮಾಡುವುದನ್ನು ನಾವು ಒಪ್ಪುವುದಿಲ್ಲ.

ಕೊನೆಯ ಆಯ್ಕೆ

ಸಾಮಾನ್ಯ ಸುತ್ತಿನ ಫಲಿತಾಂಶ ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತದೆ, ಉತ್ತರ ಕೊಡಲು ಮೇ 1ರವರೆಗೆ ಸಮಯ. ಕೈಯಲ್ಲಿ ಎರಡು ಮೂರು ಪತ್ರಗಳಿದ್ದರೆ ಪ್ರತಿಯೊಂದರಿಂದ ನಾಲ್ಕು ವರ್ಷಕ್ಕೆ ನೀವು ಕೊಡಬೇಕಾದ ಮೊತ್ತವನ್ನು ರೂಪಾಯಿಯಲ್ಲಿ ಒಂದೇ ಹಾಳೆಯಲ್ಲಿ ಬರೆಯಿರಿ. ವಿಮೆ, ವಿಮಾನದ ಖರ್ಚು ಸೇರಿದೆಯೇ ನೋಡಿ. ಸಹಾಯ ಸ್ವಲ್ಪ ಕಡಿಮೆಯಾದರೆ ಧನಸಹಾಯ ಕಚೇರಿಗೆ ಮರುಪರಿಶೀಲನೆಗೆ ಬರೆಯಬಹುದು. ಬೆಳೆ ನಷ್ಟ, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಿದ್ದರೆ ದಾಖಲೆ ಇಟ್ಟು ವಿನಯದಿಂದ ಕೇಳಿದರೆ ಕೆಲವೊಮ್ಮೆ ಹೆಚ್ಚಿಸುತ್ತಾರೆ. ಆಮೇಲೆ ವಿದ್ಯಾರ್ಥಿಯೇ ಅಲ್ಲಿ ಈಗ ಓದುತ್ತಿರುವ ಇಬ್ಬರು ಭಾರತೀಯ ವಿದ್ಯಾರ್ಥಿಗಳೊಂದಿಗೆ ಮಾತಾಡಲಿ. ಪ್ರವೇಶ ಕಚೇರಿಗೆ ಬರೆದರೆ ಸಂಪರ್ಕ ಮಾಡಿಸಿಕೊಡುತ್ತಾರೆ. ಆ ಮಾತುಕತೆಯ ಹೊತ್ತಿನಲ್ಲಿ ಪೋಷಕರು ಪಕ್ಕದಲ್ಲಿ ಕೂರದಿರುವುದು ಒಳ್ಳೆಯದು. ಎಲ್ಲಿಂದಲೂ ಸಾಕಷ್ಟು ಸಹಾಯ ಬರದಿದ್ದರೆ ಏಪ್ರಿಲ್‌ನ ಸಿಇಟಿಯ ಹಾಲ್ ಟಿಕೆಟ್ ಕೈಯಲ್ಲಿರಲಿ.